ಕೊಡುವವರಿಗೆ ದೇವರು ಕೊಡುವ ಪ್ರತಿಫಲ ಯಾವುದು? ವಾಕ್ಯ ಹಿಡಿದು ಮಾತಾಡೋಣ

ದ್ರಾಕ್ಷಿಬಳ್ಳಿ:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಕಾಣಿಕೆ, ದಾನಧರ್ಮದ ವಿಷಯ ಬಂದಾಗಲೆಲ್ಲ ಸಭೆಗಳಲ್ಲಿ ಎರಡು ಬಗೆಯ ಮಾತು ಕೇಳುತ್ತೇನೆ. ಕೆಲವರು "ಕೊಡಿ, ನೂರರಷ್ಟು ವಾಪಸ್ ಬರುತ್ತೆ" ಅಂತಾರೆ. ಅದನ್ನು ಕೇಳಿ ಕೇಳಿ ಬೇಸತ್ತವರು "ಪ್ರತಿಫಲದ ಮಾತೇ ಎತ್ತಬೇಡಿ, ಕರ್ತವ್ಯ ಅಂತ ಕೊಟ್ಟು ಸುಮ್ಮನಿರಿ" ಅಂತಾರೆ. ಎರಡನೆಯವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಅವರ ಮಾತು ವಾಕ್ಯಕ್ಕೆ ಸರಿಹೊಂದುವುದಿಲ್ಲ. ಯೇಸುಸ್ವಾಮಿ ಪ್ರತಿಫಲದ ಬಗ್ಗೆ ಯಾವ ಮುಚ್ಚುಮರೆಯೂ ಇಲ್ಲದೆ ಮಾತಾಡಿದ್ದಾರೆ. ಗುಟ್ಟಾಗಿ ಕೊಡು, ಗುಟ್ಟಿನಲ್ಲಿ ನೋಡುವ ನಿನ್ನ ತಂದೆ ನಿನಗೆ ಪ್ರತಿಫಲ ಕೊಡುತ್ತಾನೆ ಅಂತ ಮತ್ತಾಯ 6ರಲ್ಲಿ ಬಾಯಿಬಿಟ್ಟು ಹೇಳಿದ್ದಾರೆ.

ಹಾಗಾದರೆ ಆ ಪ್ರತಿಫಲ ಏನು?

ನನಗೆ ಕಂಡದ್ದು ಇಷ್ಟು. ಅದೇ 6ನೇ ಅಧ್ಯಾಯವನ್ನು ಒಂದೇ ಸಲಕ್ಕೆ ಕೂತು ಓದಿ. ಶುರುವಾಗುವುದು ದಾನದಿಂದ. 19ನೇ ವಚನಕ್ಕೆ ಬಂದಾಗ ನುಸಿ ಹಿಡಿಯುವ, ಕಳ್ಳರು ಕದಿಯುವ ಗಂಟಿನ ಮಾತು. 21ರಲ್ಲಿ, ನಿನ್ನ ಗಂಟು ಇರುವಲ್ಲೇ ನಿನ್ನ ಮನಸ್ಸೂ ಇರುತ್ತದೆ. 24ರಲ್ಲಿ, ಇಬ್ಬರು ಯಜಮಾನರಿಗೆ ಸೇವೆ ಮಾಡಲಾಗದು. ಅದಾದ ಕೂಡಲೇ 25ರಲ್ಲಿ "ಆದಕಾರಣ" ಅಂತ ಶುರುಮಾಡಿ, ಚಿಂತೆ ಮಾಡಬೇಡಿ ಅಂತಾರೆ. ದಾನದಿಂದ ಹೊರಟು ಚಿಂತೆಯ ಬಿಡುಗಡೆಗೆ ಬಂದು ನಿಲ್ಲುತ್ತಾರೆ. ಇದು ಸುಮ್ಮನೆ ಹಾಗೆ ಬಂದು ಕೂತ ಕ್ರಮ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಮನಸ್ಸು ಹಣ ಹೋದ ಕಡೆ ಹಿಂಬಾಲಿಸಿ ಹೋಗುತ್ತದೆ. ಬಿಗಿಹಿಡಿದವನಿಗೆ ಕಳೆದುಕೊಳ್ಳುವ ಭಯ, ಬಿಟ್ಟುಕೊಟ್ಟವನಿಗೆ ಆ ಭಯ ಒಂದಿಷ್ಟು ಸಡಿಲ. ಕೊಡುವವನಿಗೆ ಸಿಗುವ ಮೊದಲನೆಯ ಪ್ರತಿಫಲ ಇದೇ ಅನ್ನುವುದು ನನ್ನ ನಂಬಿಕೆ.

ನಿಮ್ಮ ಅನುಭವ, ನಿಮಗೆ ತಿಳಿದ ವಾಕ್ಯ ಹಂಚಿಕೊಳ್ಳಿ. ಒಪ್ಪದಿದ್ದರೂ ಸರಿ, ಹೇಳಿ.

ಪರಲೋಕದ ಕಿಟಕಿ:

ವಂದನೆಗಳು ಬ್ರದರ್. ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ನೀವು ಪ್ರತಿಫಲವನ್ನು ಪೂರ್ತಿ ಮನಸ್ಸಿನೊಳಗೆ ಇಟ್ಟುಬಿಟ್ಟಿರಿ ಅನ್ನಿಸಿತು. ವೇದ ಅಷ್ಟಕ್ಕೇ ನಿಲ್ಲುವುದಿಲ್ಲ. ಮಲಾಕಿಯ 3:10ರಲ್ಲಿ ದೇವರು "ನನ್ನನ್ನು ಪರೀಕ್ಷಿಸಿರಿ" ಅಂತಲೇ ಹೇಳುತ್ತಾನೆ. ದಶಮಾಂಶ ತಂದರೆ ಪರಲೋಕದ ಕಿಟಕಿ ತೆರೆದು ಹಿಡಿಸಲಾರದಷ್ಟು ಸುರಿಯುತ್ತೇನೆ ಅನ್ನುತ್ತಾನೆ. ಜ್ಞಾನೋಕ್ತಿ 11:24 ಕೂಡ, ಧಾರಾಳವಾಗಿ ಕೊಟ್ಟವನಿಗೆ ಹೆಚ್ಚುತ್ತದೆ, ಕೊಡಬೇಕಾದ್ದನ್ನು ತಡೆದವನಿಗೆ ಬಡತನ ಬರುತ್ತದೆ ಅನ್ನುತ್ತದೆ. ಜ್ಞಾನೋಕ್ತಿ 19:17ರ ಪ್ರಕಾರ ಬಡವನಿಗೆ ಕೊಟ್ಟದ್ದು ಕರ್ತನಿಗೆ ಕೊಟ್ಟ ಸಾಲ, ಆತನೇ ತೀರಿಸುತ್ತಾನೆ.

ನಮ್ಮ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇವೆ. ಕೈಯಲ್ಲಿ ಏನೂ ಇಲ್ಲದ ಸಮಯದಲ್ಲೂ ಕಾಣಿಕೆ ನಿಲ್ಲಿಸಲಿಲ್ಲ, ಬೇಕಾದದ್ದಕ್ಕೆ ಎಂದೂ ಕೊರತೆಯಾಗಲಿಲ್ಲ. ಇದನ್ನು ಸಾಕ್ಷಿಯಾಗಿ ಹೇಳದೆ ಇದ್ದರೆ ದೇವರಿಗೆ ಸಲ್ಲಬೇಕಾದ ಮಹಿಮೆಯನ್ನು ಮುಚ್ಚಿಟ್ಟಂತೆ.

ಲೆಕ್ಕದ ಪುಸ್ತಕ:

ನಾನು ನಮ್ಮ ಸಭೆಯ ಖಜಾಂಚಿ. ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವವರಲ್ಲಿ ಒಬ್ಬ. ಅದಕ್ಕೇ ಈ ವಿಷಯ ನನಗೆ ಹತ್ತಿರ.

ಮಲಾಕಿಯನ ಮಾತಿಗೆ ನನ್ನದೊಂದು ಸೇರ್ಪಡೆ. ಆ ವಚನದಲ್ಲಿ ದಶಮಾಂಶ ಹೋಗುವುದು ಬಂಡಾರಕ್ಕೆ, ದೇವರ ಆಲಯದಲ್ಲಿ ಆಹಾರ ಇರಲಿ ಅನ್ನುವ ಕಾರಣಕ್ಕೆ. ಆ ಆಹಾರ ಯಾರಿಗೆ? ಧರ್ಮೋಪದೇಶಕಾಂಡ 14:28-29 ನೋಡಿ. ಮೂರು ವರ್ಷಕ್ಕೊಮ್ಮೆ ಆ ವರ್ಷದ ಬೆಳೆಯ ದಶಮಾಂಶವನ್ನು ಊರೊಳಗೇ ಕೂಡಿಡಬೇಕು, ಆಲಯದ ಸೇವೆ ಮಾಡುವ, ಭೂಮಿ ಇಲ್ಲದ ಲೇವಿಯರೂ ಪರದೇಶಿಗಳೂ ಅನಾಥರೂ ವಿಧವೆಯರೂ ಬಂದು ಉಂಡು ತೃಪ್ತರಾಗಬೇಕು. ಮಲಾಕಿಯ 3ರಲ್ಲೇ, 10ನೇ ವಚನಕ್ಕೆ ಸ್ವಲ್ಪ ಮುಂಚೆ, 5ನೇ ವಚನದಲ್ಲಿ ಕೂಲಿಯವನ ಕೂಲಿ ಹಿಡಿಯುವವರ ಮೇಲೆ, ವಿಧವೆ ಅನಾಥರನ್ನು ಹಿಂಸಿಸುವವರ ಮೇಲೆ ದೇವರು ಸಾಕ್ಷಿಯಾಗಿ ನಿಲ್ಲುತ್ತೇನೆ ಅಂತಾನೆ. ಕಿಟಕಿ ತೆರೆಯುವ ವಾಗ್ದಾನವನ್ನು ಈ ಎರಡು ಮಾತಿನಿಂದ ಬೇರೆಮಾಡಿ ಓದಿದರೆ ಅದರ ಅರ್ಥವೇ ಕೆಡುತ್ತದೆ. ಆಕಾಶ ತೆರೆಯುವುದು ಇಡೀ ಜನರ ಹೊಲಗಳ ಮೇಲೆ. ಒಬ್ಬ ಕೊಟ್ಟ, ಅವನೊಬ್ಬನ ಮನೆ ತುಂಬಿತು ಅನ್ನುವ ಲೆಕ್ಕ ಅಲ್ಲಿ ಇಲ್ಲ.

ಎಣಿಸುವ ಮೇಜಿನ ಮೇಲೆ ಕಂಡದ್ದನ್ನೂ ಹೇಳುತ್ತೇನೆ. ಹೆಸರು ಬರೆದ ಕವರು ಬರುತ್ತವೆ, ಅವು ಲೆಕ್ಕಕ್ಕೆ ಬೇಕು, ಅದರಲ್ಲಿ ತಪ್ಪಿಲ್ಲ. ಅವುಗಳ ನಡುವೆ ಹೆಸರಿಲ್ಲದ ಒಂದು ಕವರು ಇರುತ್ತದೆ. ಬೇರೆ ಯಾವುದೋ ಕಾಗದವನ್ನು ಮಡಚಿ, ಅಂಚಿಗೆ ಗೋಂದು ಹಚ್ಚಿ ಮಾಡಿದ್ದು. ಒಳಗೆ ನೋಟುಗಳನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಗೆರೆ ಬೆರಳಿನಿಂದ ಒತ್ತಿ ಒತ್ತಿ ಇಟ್ಟಿರುತ್ತಾರೆ. ಕವರಿನ ಮೇಲೆ ಪೆನ್ಸಿಲಿನಲ್ಲಿ "ಕಷ್ಟದಲ್ಲಿರುವವರಿಗೆ" ಅಂತ ಮಾತ್ರ. ಯಾರು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಹುಡುಕಲೂ ಹೋಗಿಲ್ಲ. ಆ ಮನುಷ್ಯನಿಗೆ ನಮ್ಮಿಂದ ಒಂದು ಥ್ಯಾಂಕ್ಸ್ ಕೂಡ ಸಿಗುವುದಿಲ್ಲ. ಅವರ ಪ್ರತಿಫಲ ಪೂರ್ತಿ ತಂದೆಯ ಕೈಯಲ್ಲೇ ಉಳಿದಿದೆ.

ಸಾಸಿವೆಕಾಳು:

ಆಮೆನ್. ಮುಂದುವರಿಸಿ, ಓದುತ್ತಿದ್ದೇನೆ.

ಕಿರಿದಾದ ಬಾಗಿಲು:

ನಾನು ಸ್ವಲ್ಪ ಕಹಿಯಾಗಿ ಬರೆಯಬೇಕಾಗುತ್ತದೆ, ದಯವಿಟ್ಟು ತಪ್ಪು ತಿಳಿಯಬೇಡಿ.

ಹಿಂದೆ ನಾವು ಹೋಗುತ್ತಿದ್ದ ಒಂದು ಸಭೆಯಲ್ಲಿ ಕಾಣಿಕೆ ಕೊಟ್ಟವರ ಹೆಸರು, ಮೊತ್ತ ಎರಡನ್ನೂ ಮೈಕಿನಲ್ಲಿ ಓದುತ್ತಿದ್ದರು. ಕಡಿಮೆ ಕೊಟ್ಟವರ ಹೆಸರು ಓದುವಾಗ ಧ್ವನಿ ಬದಲಾಗುತ್ತಿತ್ತು. ಮನೆಯಲ್ಲಿ ಸಾಲ ಇತ್ತು. ಆದರೂ "ನಂಬಿಕೆಯಿಂದ ಹೆಚ್ಚು ಕೊಡಿ, ಸಾಲ ತೀರುತ್ತೆ" ಅಂದರು. ಕೊಟ್ಟೆವು. ಸಾಲ ಬೆಳೆಯಿತು. ಕೇಳಿದರೆ "ನಿಮ್ಮ ನಂಬಿಕೆ ಸಾಲದು" ಅಂದರು. ಅಂದಿನಿಂದ "ಸಂತೋಷವಾಗಿ ಕೊಡುವವನನ್ನು ದೇವರು ಪ್ರೀತಿಸುತ್ತಾನೆ" ಅನ್ನುವ ವಚನ ಕೇಳಿದರೆ ನನಗೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ನನಗೆ ಸಂತೋಷ ಬರುತ್ತಿಲ್ಲ. ಹಾಗಾದರೆ ದೇವರ ಪ್ರೀತಿಯೂ ಇಲ್ಲವೇ? ಇದಕ್ಕೆ ಉತ್ತರ ಬೇಕು.

ದ್ರಾಕ್ಷಿಬಳ್ಳಿ:

ಸಿಸ್ಟರ್, ನೀವು ಬರೆದದ್ದು ಒಳ್ಳೆಯದಾಯಿತು. ನಿಮಗೆ ಆದದ್ದು ಅನ್ಯಾಯ.

ಆ ವಚನದ ಮೊದಲರ್ಧವನ್ನು ನಿಮಗೆ ಅಲ್ಲಿ ಯಾರೂ ಓದಿ ಹೇಳಲಿಲ್ಲ. ಎರಡನೇ ಕೊರಿಂಥ 9:7ರಲ್ಲಿ ಪೌಲನು ಪ್ರತಿಯೊಬ್ಬನೂ ತನ್ನ ಹೃದಯದಲ್ಲಿ ನಿಶ್ಚಯಿಸಿಕೊಂಡಂತೆ ಕೊಡಲಿ, ದುಃಖದಿಂದ ಬೇಡ, ಬಲವಂತದಿಂದ ಬೇಡ ಅನ್ನುತ್ತಾನೆ. ಅದು ಬಲವಂತಕ್ಕೆ ಹಾಕಿದ ಬೇಲಿ. ಮೈಕಿನಲ್ಲಿ ಹೆಸರು ಓದಿದವರೇ ಆ ಬೇಲಿ ಮುರಿದರು, ನೀವಲ್ಲ. ಅದಕ್ಕೂ ಹಿಂದೆ 8:12ರಲ್ಲಿ, ಮನಸ್ಸಿದ್ದರೆ ಇರುವುದಕ್ಕೆ ತಕ್ಕಂತೆ ಕೊಟ್ಟದ್ದೇ ಮೆಚ್ಚಿಗೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಅಂತಾನೆ. 13ರಲ್ಲಿ ಇನ್ನೂ ಬಿಡಿಸಿ, ಬೇರೆಯವರಿಗೆ ಆರಾಮ, ನಿಮಗೆ ಕಷ್ಟ ಆಗಲಿ ಅಂತ ನಾನು ಹೇಳುತ್ತಿಲ್ಲ, ಸಮಾನತೆ ಇರಲಿ ಅಂತ ಹೇಳುತ್ತಿದ್ದೇನೆ ಅಂತಾನೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಎತ್ತುತ್ತಿದ್ದ ಹಣದ ಬಗ್ಗೆ ಬರೆದ ಮಾತು ಇದು. ಕೇಳುವವನು ಪೌಲ, ಕೊಡುವವರು ಕೊರಿಂಥದವರು, ಆದರೂ "ಎಷ್ಟು" ಅಂತ ಒಂದು ಮೊತ್ತವನ್ನೂ ಆತ ಬರೆಯಲಿಲ್ಲ.

ಕೊಡಲಿಕ್ಕೆ ಸಂತೋಷ ಬರದಿದ್ದರೆ ದೇವರ ಪ್ರೀತಿ ನಿಂತುಹೋಗುತ್ತದೆ ಅಂತ ಎಲ್ಲೂ ಇಲ್ಲ. ಮೊದಲು ಸಾಲ ತೀರಿಸಿ. ಪ್ರೀತಿಯೊಂದರ ಹೊರತು ಯಾರಿಗೂ ಯಾವ ಸಾಲವೂ ಇರಬಾರದು ಅನ್ನುವುದು ರೋಮಾಪುರದವರಿಗೆ 13:8ರಲ್ಲೇ ಇದೆ.

ಲೆಕ್ಕದ ಪುಸ್ತಕ:

ಸಿಸ್ಟರ್ ಅವರ ಮಾತಿಗೆ ಸಂಬಂಧಪಟ್ಟದ್ದು. ಎರಡು ಕಾಸು ಹಾಕಿದ ಬಡ ವಿಧವೆಯ ಕಥೆ ಕಾಣಿಕೆ ಎತ್ತುವ ಮುಂಚೆ ಬಹಳ ಸಲ ಹೇಳುತ್ತಾರೆ. ಮಾರ್ಕ 12:41ರಿಂದ ಶುರುಮಾಡುತ್ತಾರೆ. 38ರಿಂದ ಓದಬೇಕು. ಉದ್ದ ನಿಲುವಂಗಿ ತೊಟ್ಟು ತಿರುಗುವ ಶಾಸ್ತ್ರಿಗಳು "ವಿಧವೆಯರ ಮನೆಗಳನ್ನು ನುಂಗುತ್ತಾರೆ" ಅಂತ ಯೇಸುಸ್ವಾಮಿ ಆಗಷ್ಟೇ ಹೇಳಿ ಮುಗಿಸಿದ್ದರು. ಆಮೇಲೆ ಹೋಗಿ ಕಾಣಿಕೆ ಪೆಟ್ಟಿಗೆಯ ಎದುರು ಕೂತರು, ಆ ವಿಧವೆ ಬಂದಳು. ಅವಳ ಔದಾರ್ಯವನ್ನು ಅವರು ಎತ್ತಿ ಹಿಡಿದದ್ದು ನಿಜ, ಎಲ್ಲರಿಗಿಂತ ಹೆಚ್ಚು ಹಾಕಿದಳು ಅಂದದ್ದೂ ನಿಜ. ಆದರೆ ಅವಳನ್ನು ಆ ಸ್ಥಿತಿಗೆ ತಂದವರನ್ನು ಅದೇ ಉಸಿರಿನಲ್ಲಿ ಖಂಡಿಸಿದ್ದಾರೆ. ಮುಂದಿನ ಅಧ್ಯಾಯದ ಮೊದಲಲ್ಲೇ ಈ ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತಲೂ ಹೇಳಿದರು. ಬಡವರಿಂದ ಇನ್ನಷ್ಟು ಕೀಳಲು ಈ ಕಥೆಯನ್ನು ಬಳಸುವವರು ಶಾಸ್ತ್ರಿಗಳ ಸಾಲಿನಲ್ಲಿ ನಿಲ್ಲುತ್ತಾರೆ.

ಬೆಥಾನಿ:

ಇಲ್ಲಿ ಎಲ್ಲರೂ ಕೊಡುವವರ ಕಡೆಯಿಂದ ಮಾತಾಡುತ್ತಿದ್ದೀರಿ. ನಾನು ತೆಗೆದುಕೊಂಡವಳು. ಆ ಕಡೆಯದನ್ನೂ ಕೇಳಿ.

ನಾನು ಶಾಲೆಯಲ್ಲಿದ್ದಾಗ ಅಪ್ಪ ಹಾಸಿಗೆ ಹಿಡಿದರು. ನಮ್ಮ ಮನೆ ನಡೆದದ್ದು ಬೇರೆಯವರ ಸಹಾಯದಿಂದ. ಸಹಾಯ ಎರಡು ಥರ ಬಂತು. ಒಂದು ಗುಂಪು ಬಂದು, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಚೀಲ ಅಮ್ಮನ ಕೈಗೆ ಕೊಡುವಾಗ ಫೋಟೋ ತೆಗೆಸಿಕೊಂಡಿತು. ಅಮ್ಮನಿಗೆ ನಗಲು ಹೇಳಿದರು. ಚೀಲದೊಳಗಿದ್ದದ್ದು ನಮಗೆ ಬೇಕಾದದ್ದೇ, ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ಅಮ್ಮ ಅವತ್ತು ರಾತ್ರಿ ಉಣ್ಣಲಿಲ್ಲ.

ಇನ್ನೊಬ್ಬರು ಸಭೆಯ ಒಬ್ಬ ಆಂಟಿ. ಅವರೂ ಬಡವರೇ. ಬಂದು ಅಪ್ಪನ ಉಗುರು ಕತ್ತರಿಸುತ್ತಿದ್ದರು. ಹಾಸಿಗೆಯ ಪಕ್ಕ ಕೂತು, ಅಪ್ಪನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆರಳು ಬೆರಳು ಒರೆಸಿ, ನಿಧಾನಕ್ಕೆ ಕತ್ತರಿಸುತ್ತಿದ್ದರು. ಆಗ ಅಪ್ಪ ಮಾತಾಡುತ್ತಿದ್ದರು. ಬೇರೆ ಹೊತ್ತಿನಲ್ಲಿ ಗೋಡೆ ನೋಡಿಕೊಂಡು ಮಲಗಿರುತ್ತಿದ್ದರು.

ಹೊರಡುವಾಗ ಆ ಆಂಟಿ ಪ್ರತಿ ಸಲ ಅಪ್ಪನಿಗೆ "ನನಗೋಸ್ಕರ ಒಂದು ಪ್ರಾರ್ಥನೆ ಮಾಡಿ ಅಣ್ಣ" ಅನ್ನುತ್ತಿದ್ದರು. ಅಪ್ಪ ಮಾಡುತ್ತಿದ್ದರು. ಈಗ ಯೋಚಿಸಿದರೆ, ಅವರು ಕೊಡಲು ಬಂದಷ್ಟೇ ತೆಗೆದುಕೊಳ್ಳಲೂ ಬಂದಿದ್ದರು. ಅಪ್ಪನ ಹತ್ತಿರವೂ ಕೊಡುವಂಥದ್ದು ಒಂದು ಉಳಿದಿದೆ ಅಂತ ಅವರಿಗೆ ತೋರಿಸಿಕೊಟ್ಟರು.

"ತೆಗೆದುಕೊಳ್ಳುವುದಕ್ಕಿಂತ ಕೊಡುವುದೇ ಹೆಚ್ಚಿನ ಭಾಗ್ಯ" ಅನ್ನುವ ಮಾತು ತೆಗೆದುಕೊಳ್ಳುವವರನ್ನು ಕೀಳುಮಾಡಲು ಅಲ್ಲ ಅಂತ ನಾನು ಬಲ್ಲೆ. ಸ್ವತಃ ಯೇಸುಸ್ವಾಮಿ ಬೇರೆಯವರು ಕೊಟ್ಟದ್ದರಲ್ಲಿ ಬದುಕಿದರು. ಲೂಕ 8ರ ಮೊದಲ ಮೂರು ವಚನದಲ್ಲಿ ಮಗ್ದಲದ ಮರಿಯಳು, ಯೋಹಾನಳು, ಸುಸನ್ನಳು, ಇನ್ನೂ ಅನೇಕ ಹೆಂಗಸರು ತಮ್ಮ ಆಸ್ತಿಯಿಂದ ಅವರಿಗೂ ಶಿಷ್ಯರಿಗೂ ಉಪಚಾರ ಮಾಡುತ್ತಿದ್ದರು ಅಂತ ಬರೆದಿದೆ. ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳಿ ಕುಡಿದರು. ತೆಗೆದುಕೊಳ್ಳುವುದು ಅವಮಾನವಾಗಿದ್ದರೆ ದೇವರ ಮಗ ಅದನ್ನು ಮಾಡುತ್ತಿರಲಿಲ್ಲ.

ಸಾಸಿವೆಕಾಳು:

ಸಿಸ್ಟರ್, ಸಣ್ಣ ತಿದ್ದುಪಡಿ. ನೀರು ಕೇಳಿದ್ದು ಯೋಹಾನ 4ರಲ್ಲಿದೆ, ಕುಡಿದರು ಅಂತ ಅಲ್ಲಿ ಬರೆದಿಲ್ಲ. ಕೇಳಿದ್ದು ಮಾತ್ರ ಇದೆ. ನಿಮ್ಮ ಮಾತಿನ ಸತ್ಯಕ್ಕೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ. ಆಂಟಿಯ ವಿಷಯ ಓದಿ ತುಂಬಾ ಹೊತ್ತು ಬೇರೇನೂ ಓದಲಾಗಲಿಲ್ಲ.

ಬೆಥಾನಿ:

ಹೌದು, ಸರಿ ಹೇಳಿದಿರಿ. ಧನ್ಯವಾದ.

ಎಮ್ಮಾವುಸ್ ದಾರಿ:

ಬೆಥಾನಿ ಸಿಸ್ಟರ್ ಹೇಳಿದ್ದನ್ನು ಫಿಲಿಪ್ಪಿ ಪತ್ರಿಕೆಯಲ್ಲಿ ನೋಡಬಹುದು. ಪೌಲ ಸೆರೆಯಲ್ಲಿದ್ದಾನೆ. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದ್ದಾರೆ, ಆತ ಆ ಸೇವೆಯಲ್ಲಿ ಕಾಯಿಲೆಬಿದ್ದು ಸಾಯುವ ಹಾಗಾಗಿದ್ದ. ಪೌಲ ಕೃತಜ್ಞತೆ ಹೇಳುತ್ತಾ ನನಗೆ ದಾನ ಬೇಕೆಂದಲ್ಲ, ನಿಮ್ಮ ಲೆಕ್ಕಕ್ಕೆ ಫಲ ಹೆಚ್ಚಲಿ ಅಂತ ನನ್ನ ಆಸೆ ಅನ್ನುತ್ತಾನೆ. ಕೊಟ್ಟದ್ದು ತನ್ನ ಕೈಸೇರಿದರೂ ಅದನ್ನು ದೇವರಿಗೆ ಸುವಾಸನೆಯ ಯಜ್ಞ ಅಂತ ಕರೆಯುತ್ತಾನೆ. "ನನ್ನ ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನು ನೀಗಿಸುವನು" ಅನ್ನುವ 4:19 ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಆ ಮಾತು ಮೊದಲು ಬಂದದ್ದು ಹೀಗೆ ಕೊಟ್ಟ ಜನರಿಗೆ, ಅದನ್ನು ಬರೆದವನು ಸಂಕೋಲೆಯಲ್ಲಿದ್ದವನು. ಹಾಗಾಗಿ ಅಲ್ಲಿ "ಕೊರತೆ ನೀಗುವುದು" ಅಂದರೆ ಆರಾಮ ಜೀವನ ಅಂತ ಓದಲು ಬರುವುದಿಲ್ಲ.

ಮೊದಲ ಶತಮಾನಗಳ ವಿಶ್ವಾಸಿಗಳ ಬಗ್ಗೆಯೂ ಹೇಳಬೇಕು. ಜಸ್ಟಿನ್ ಮಾರ್ಟರ್ ಸುಮಾರು 155ರಲ್ಲಿ ರೋಮ್‌ನಲ್ಲಿ ಬರೆಯುವಾಗ, ಭಾನುವಾರದ ಆರಾಧನೆಯಲ್ಲಿ ಅನುಕೂಲವಿದ್ದು ಮನಸ್ಸಿದ್ದವರು ತಮಗೆ ತೋಚಿದಷ್ಟು ಕೊಡುತ್ತಾರೆ, ಸಭೆಯ ಮುಖ್ಯಸ್ಥ ಅದರಿಂದ ಅನಾಥರನ್ನು, ವಿಧವೆಯರನ್ನು, ರೋಗಿಗಳನ್ನು, ಸೆರೆಯಲ್ಲಿರುವವರನ್ನು, ಪರಸ್ಥಳದವರನ್ನು ನೋಡಿಕೊಳ್ಳುತ್ತಾನೆ ಅನ್ನುತ್ತಾನೆ. ಕಾರ್ಥೇಜಿನ ಟೆರ್ಟುಲ್ಲಿಯನ್ ಸುಮಾರು 197ರಲ್ಲಿ, ಯಾರಿಗೂ ಬಲವಂತ ಇಲ್ಲ, ಆ ಹಣ ಬಡವರಿಗೆ ಊಟ ಹಾಕಲು, ಸತ್ತ ಬಡವರನ್ನು ಮಣ್ಣುಮಾಡಲು, ಮುದಿ ಆಳುಗಳಿಗೆ, ಹಡಗು ಮುಳುಗಿದವರಿಗೆ ಹೋಗುತ್ತದೆ ಅಂತ ಬರೆದ. ಕ್ರಿಸ್ತನ ನಂಬಿಕೆಯನ್ನು ಬಿಟ್ಟು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ತರಲು ಹೊರಟ ಚಕ್ರವರ್ತಿ ಜೂಲಿಯನ್ (ಆಳಿದ್ದು 361ರಿಂದ 363) ತನ್ನ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ, ಈ ಗಲಿಲಾಯದವರು (ಕ್ರೈಸ್ತರನ್ನು ಆತ ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಾರೆ ಅಂತ ದೂರಿಕೊಂಡಿದ್ದಾನೆ. ವಿರೋಧಿಯ ಬಾಯಿಂದ ಬಂದ ಸಾಕ್ಷಿ ಅದು.

ನೂರರಷ್ಟು ಸಿಗುತ್ತದೆ ಅನ್ನುವ ವಾಗ್ದಾನ ಮಾರ್ಕ 10:30ರಲ್ಲಿ ಇದೆ. ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ಮಕ್ಕಳು, ಭೂಮಿ, ಎಲ್ಲವೂ ನೂರರಷ್ಟು, "ಹಿಂಸೆಗಳ ಸಹಿತವಾಗಿ". ಒಬ್ಬ ಮನುಷ್ಯನಿಗೆ ನೂರು ತಾಯಂದಿರು ಹೇಗೆ ಸಿಕ್ಕಾರು? ಸಭೆ ಒಬ್ಬರಿಗೊಬ್ಬರು ಬಾಗಿಲು ತೆರೆದಾಗ ಮಾತ್ರ. ಬಿಟ್ಟುಕೊಟ್ಟವನಿಗೆ ದೇವರು ಮರಳಿ ಕೊಡುವುದು ಒಂದು ಕುಟುಂಬವನ್ನು. ಈ ಪ್ರತಿಫಲ ಈ ಲೋಕದಲ್ಲೇ, ಈಗಲೇ ಸಿಗುತ್ತದೆ. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ದೀಪಸ್ತಂಭ:

ಮನಶ್ಶಾಸ್ತ್ರ ಓದುವ ವಿದ್ಯಾರ್ಥಿ ನಾನು. ಇದೇ ವಿಷಯದ ಮೇಲೆ ಎಲಿಜಬೆತ್ ಡನ್, ಲಾರಾ ಅಕ್ನಿನ್, ಮೈಕಲ್ ನಾರ್ಟನ್ ಅವರ ಅಧ್ಯಯನವೊಂದು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಬೆಳಿಗ್ಗೆ ಜನರ ಕೈಗೆ 5 ಅಥವಾ 20 ಡಾಲರ್ ಇದ್ದ ಕವರು ಕೊಟ್ಟು, ಅರ್ಧ ಜನಕ್ಕೆ ನಿಮಗಾಗಿ ಖರ್ಚು ಮಾಡಿಕೊಳ್ಳಿ, ಉಳಿದವರಿಗೆ ಬೇರೆಯವರಿಗಾಗಿ ಖರ್ಚು ಮಾಡಿ ಅಂದರು. ಸಂಜೆ ಕೇಳಿದಾಗ ಬೇರೆಯವರಿಗಾಗಿ ಖರ್ಚು ಮಾಡಿದವರು ಹೆಚ್ಚು ಸಂತೋಷವಾಗಿದ್ದರು. ಮೊತ್ತ 5 ಆಗಿದ್ದರೂ 20 ಆಗಿದ್ದರೂ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಗುಂಪಿಗೆ "ಯಾರು ಹೆಚ್ಚು ಸಂತೋಷವಾಗಿರುತ್ತಾರೆ" ಅಂತ ಊಹಿಸಲು ಹೇಳಿದರೆ, ತಮಗಾಗಿ ಖರ್ಚು ಮಾಡಿಕೊಂಡವರು ಅಂತಲೇ ಹೆಚ್ಚಿನವರು ಹೇಳಿದರು. ನಮ್ಮ ಸಂತೋಷ ಎಲ್ಲಿದೆ ಅಂತ ನಮಗೇ ಗೊತ್ತಿರುವುದಿಲ್ಲ ಅನ್ನುವುದು ಇದರಲ್ಲಿ ನನ್ನನ್ನು ತಟ್ಟಿದ ಭಾಗ.

ದ್ರಾಕ್ಷಿಬಳ್ಳಿ:

ಒಳ್ಳೆಯ ಮಾಹಿತಿ. ಆದರೆ ಒಂದು ಎಚ್ಚರಿಕೆ ಇರಲಿ. ನನಗೆ ಸಂತೋಷ ಸಿಗಲಿ ಅಂತ ಕೊಡಲು ಹೊರಟರೆ, ಎದುರಿರುವ ಬಡವ ನನ್ನ ಸಂತೋಷಕ್ಕೆ ಸಲಕರಣೆ ಆಗಿಬಿಡುತ್ತಾನೆ. ಮೊದಲನೇ ಕೊರಿಂಥ 13:3 ನೆನಪಿಸಿಕೊಳ್ಳಿ. ಇದ್ದದ್ದೆಲ್ಲ ಬಡವರಿಗೆ ಹಂಚಿದರೂ ಪ್ರೀತಿ ಇಲ್ಲದಿದ್ದರೆ ನನಗೆ ಏನೂ ಪ್ರಯೋಜನವಿಲ್ಲ. ಮತ್ತಾಯ 25ರಲ್ಲಿ ಅರಸನ ಬಲಗಡೆ ನಿಂತವರು ಆಶ್ಚರ್ಯಪಡುತ್ತಾರೆ, "ಕರ್ತನೇ, ನಿನಗೆ ಯಾವಾಗ ಊಟ ಕೊಟ್ಟೆವು, ಯಾವಾಗ ಬಟ್ಟೆ ಕೊಟ್ಟೆವು?" ಅವರಿಗೆ ನೆನಪೇ ಇಲ್ಲ! ಹಸಿದವನು ಎದುರಿದ್ದ, ಅವನನ್ನು ನೋಡಿದರು, ಅಷ್ಟೇ. ಪ್ರತಿಫಲದ ಕಡೆ ಅವರ ಕಣ್ಣು ಹೋಗಿರಲೇ ಇಲ್ಲ, ಹಾಗಾಗಿಯೇ ಅದು ಅವರಿಗೆ ಸಿಕ್ಕಿತು.

ಮನೆಯ ಮಾತು:

ಎಲ್ಲರಿಗೂ ವಂದನೆ. ನನ್ನದು ಪ್ರಶ್ನೆ. ನನ್ನ ಯಜಮಾನರು ಕೈಬಿಚ್ಚಿ ಕೊಡುವವರು. ಸಭೆಯಲ್ಲಿ ಎಲ್ಲರೂ ಹೊಗಳುತ್ತಾರೆ. ಆದರೆ ಮನೆಯ ಖರ್ಚಿಗೆ, ಅವರ ತಾಯಿಯ ಔಷಧಿಗೆ ನಾನು ಪ್ರತಿ ತಿಂಗಳು ಪರದಾಡುತ್ತೇನೆ. ಏನಾದರೂ ಅಂದರೆ "ನಿನಗೆ ನಂಬಿಕೆ ಇಲ್ಲ" ಅಂತಾರೆ. ನಾನು ದೇವರಿಗೆ ಅಡ್ಡಿಯಾಗುತ್ತಿದ್ದೇನಾ?

ಲೆಕ್ಕದ ಪುಸ್ತಕ:

ಇಲ್ಲ ಸಿಸ್ಟರ್, ಖಂಡಿತ ಇಲ್ಲ. ಮಾರ್ಕ 7:9ರಿಂದ 13 ಅವರ ಜೊತೆ ಕೂತು ಓದಿ. ತಂದೆತಾಯಿಗೆ ಸಲ್ಲಬೇಕಾದ್ದನ್ನು "ಕೊರ್ಬಾನ್, ಇದು ದೇವರಿಗೆ ಮೀಸಲು" ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸುಸ್ವಾಮಿ ನೇರವಾಗಿ ಗದರಿಸಿದ್ದಾರೆ, ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತೀರಿ ಅಂದಿದ್ದಾರೆ. ಮೊದಲನೇ ತಿಮೊಥೆಯ 5:8ರಲ್ಲಿ, ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ ಇದೆ. ಅತ್ತೆಯ ಔಷಧಿಗೆ ಇಟ್ಟ ಹಣವೂ ದೇವರ ಮುಂದೆ ಇಟ್ಟ ಹಣವೇ.

ಖಜಾಂಚಿಯಾಗಿ ಇನ್ನೊಂದು ಮಾತು. ನಿಮ್ಮ ಸಭೆಯ ಹಿರಿಯರಿಗೆ ಇದು ಗೊತ್ತಾದರೆ, ಅವರು ನಿಜವಾದ ಕುರುಬರಾಗಿದ್ದರೆ, ಆ ಹಣ ಬೇಡ ಅನ್ನುತ್ತಾರೆ. ಭೂಮಿ ಮಾರಿದ ಹಣದಲ್ಲಿ ಒಂದು ಭಾಗ ಬಚ್ಚಿಟ್ಟು, ಎಲ್ಲವನ್ನೂ ತಂದವರ ಹಾಗೆ ನಟಿಸಿ ಸತ್ತುಬಿದ್ದ ಅನನೀಯ ಸಫೈರ ದಂಪತಿಯ ಕಥೆಯನ್ನು (ಅಪೊಸ್ತಲರ ಕೃತ್ಯಗಳು 5) ಹೆದರಿಸಲು ಹೇಳುತ್ತಾರಲ್ಲ, ಅದರಲ್ಲೂ ಪೇತ್ರ ಹೇಳಿದ್ದು ಏನು? ಮಾರುವ ಮುಂಚೆ ಅದು ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ನಿನ್ನ ಅಧಿಕಾರದಲ್ಲೇ ಇತ್ತಲ್ಲವೇ? ಅವರ ಪಾಪ ಸುಳ್ಳು ಹೇಳಿದ್ದು, ಕಡಿಮೆ ಕೊಟ್ಟದ್ದಲ್ಲ.

ಬೆಥಾನಿ:

ಸಿಸ್ಟರ್, ಇಬ್ಬರೂ ಕೂತು ತಿಂಗಳ ಮೊದಲಲ್ಲೇ ಒಟ್ಟಿಗೆ ನಿರ್ಧಾರ ಮಾಡಿ. ಮೊದಲನೇ ಕೊರಿಂಥ 16:2ರಲ್ಲಿ ಪೌಲ, ವಾರದ ಮೊದಲ ದಿನ ಅವರವರ ಸಂಪಾದನೆಗೆ ತಕ್ಕಂತೆ ತೆಗೆದಿಡಿ ಅಂತಾನೆ. ಮುಂಚೆಯೇ ಯೋಚಿಸಿ ಇಡುವುದು, ವೇದಿಕೆಯಿಂದ ಕರೆ ಬಂದಾಗ ಆವೇಶದಲ್ಲಿ ಜೇಬು ಖಾಲಿ ಮಾಡುವುದಲ್ಲ. ಒಟ್ಟಿಗೆ ತೀರ್ಮಾನಿಸಿ ಕೊಟ್ಟಾಗ ಮನೆಯೊಳಗೂ ಒಂದು ಸಮಾಧಾನ ಬರುತ್ತದೆ. ನಮ್ಮ ಮನೆಯಲ್ಲಿ ಯಾರಿಗೆ ಕೊಡುತ್ತೇವೋ ಅವರ ಹೆಸರು ಹಿಡಿದು ಮಕ್ಕಳೂ ಪ್ರಾರ್ಥಿಸುತ್ತಾರೆ, ಅವರು ಹೇಗಿದ್ದಾರೆ ಅಂತ ಆಮೇಲೆ ನಮ್ಮನ್ನೇ ಕೇಳುತ್ತಾರೆ.

ಮನೆಯ ಮಾತು:

ಕೊರ್ಬಾನ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಇವತ್ತು ರಾತ್ರಿ ಓದುತ್ತೇವೆ. ಎಲ್ಲರಿಗೂ ವಂದನೆ.

ಸೂಜಿದಾರ:

ಹಣ, ಹಣ ಅಂತಲೇ ಮಾತು ಸಾಗುತ್ತಿದೆ. ಕೈಯಲ್ಲಿ ಹಣ ಇಲ್ಲದವರು ಏನು ಮಾಡಬೇಕು?

ನನಗೆ ದೊರ್ಕಳ ಕಥೆ ಬಹಳ ಇಷ್ಟ. ಅಪೊಸ್ತಲರ ಕೃತ್ಯಗಳು 9:36ರಿಂದ. ಯೊಪ್ಪದಲ್ಲಿದ್ದ ಶಿಷ್ಯೆ. ಅವಳು ಆಡಿದ ಒಂದು ಮಾತೂ ವೇದದಲ್ಲಿ ಇಲ್ಲ. ಸತ್ತಾಗ ತೊಳೆದು ಮೇಲಿನ ಕೋಣೆಯಲ್ಲಿ ಇಟ್ಟಿದ್ದಾರೆ. ಪೇತ್ರ ಬಂದಾಗ ವಿಧವೆಯರೆಲ್ಲ ಅಳುತ್ತಾ ಅವನ ಸುತ್ತ ನಿಂತು, ಅವಳು ತಮ್ಮ ಜೊತೆ ಇದ್ದಾಗ ಹೊಲಿದ ಅಂಗಿ, ಮೇಲಂಗಿಗಳನ್ನು ತೋರಿಸುತ್ತಾರೆ. ನಾನೂ ಹೊಲಿಯುವವಳು, ಅದಕ್ಕೇ ಆ ದೃಶ್ಯ ನನಗೆ ಕಣ್ಣಿಗೆ ಕಟ್ಟುತ್ತದೆ. ಒಂದೊಂದು ಅಂಗಿಗೂ ಒಬ್ಬೊಬ್ಬರ ಅಳತೆ ಇರುತ್ತದೆ. ಯಾರ ಭುಜ ಒಂದು ಕಡೆ ತಗ್ಗು, ಯಾರಿಗೆ ತೋಳು ಉದ್ದ ಬೇಕು, ಯಾರ ಕುತ್ತಿಗೆಗೆ ಒರಟು ಬಟ್ಟೆ ಒತ್ತುತ್ತದೆ, ಇದೆಲ್ಲ ಹೊಲಿಯುವವಳಿಗೆ ಬೆರಳಲ್ಲೇ ಗೊತ್ತು. ಒಬ್ಬರ ಅಳತೆಗೆ ಹೊಲಿಯಬೇಕಾದರೆ ಅವರನ್ನು ಹತ್ತಿರದಿಂದ ನೋಡಲೇಬೇಕು. ಗಂಡನಿಲ್ಲದ, ಯಾರೂ ತಿರುಗಿ ನೋಡದ ಹೆಂಗಸರನ್ನು ಅವಳು ಹಾಗೆ ನೋಡಿದ್ದಳು.

ಅವಳಿಗೆ ಸಿಕ್ಕ ಪ್ರತಿಫಲ ಏನು? ಮತ್ತೆ ಜೀವ ಬಂತು, ಅದು ದೇವರ ಅದ್ಭುತ. ಅದಕ್ಕೂ ಮುಂಚೆ ಇನ್ನೊಂದು ಪ್ರತಿಫಲ ಆಗಲೇ ಆ ಕೋಣೆ ತುಂಬಾ ನಿಂತಿತ್ತು. ಅವಳನ್ನು ಕಳೆದುಕೊಂಡು ನಿಜವಾಗಿ ಅತ್ತ ಜನ.

ಕಿರಿದಾದ ಬಾಗಿಲು:

ಇದನ್ನು ಓದಿ ನನಗೆ ಒಂದು ವಿಷಯ ಹೊಳೆಯಿತು. ನಾನು ಸಭೆಯಲ್ಲಿ ಕವರು ಹಾಕುವಾಗ ಸಂತೋಷ ಬರುವುದಿಲ್ಲ ಅಂದೆ. ಆದರೆ ಪಕ್ಕದ ಮನೆಯ ಅಜ್ಜಿಗೆ ಕಣ್ಣು ಮಂಜು. ಅವರಿಗೆ ದಿನಾ ವೇದ ಓದಿ ಹೇಳುತ್ತೇನೆ. ಅದನ್ನು ನಾನು ಕೊಡುವ ಲೆಕ್ಕಕ್ಕೆ ಎಂದೂ ಹಿಡಿದಿರಲಿಲ್ಲ. ಅಲ್ಲಿ ನನಗೆ ಭಾರ ಅನ್ನಿಸುವುದೇ ಇಲ್ಲ, ತಡವಾದರೆ ನಾನೇ ಓಡುತ್ತೇನೆ.

ದ್ರಾಕ್ಷಿಬಳ್ಳಿ:

ಸಿಸ್ಟರ್, ಅದೇ ಸಂತೋಷವಾಗಿ ಕೊಡುವುದು. ನಿಮ್ಮಿಂದ ಅದನ್ನು ಯಾರೂ ಕಿತ್ತುಕೊಂಡಿಲ್ಲ.

ಪರಲೋಕದ ಕಿಟಕಿ:

ಎಲ್ಲರ ಮಾತೂ ಓದಿದೆ. ನನ್ನ ಸಾಕ್ಷಿಯನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ದೇವರು ನಮ್ಮ ಮನೆಗೆ ಕೊಟ್ಟಿದ್ದಾನೆ, ಅದು ಸತ್ಯ. ಹಣದ ರೂಪದಲ್ಲೂ ದೇವರು ಕೊಡಬಲ್ಲ ಅಂತ ಈಗಲೂ ನಂಬುತ್ತೇನೆ. ಆದರೆ ಕಿರಿದಾದ ಬಾಗಿಲು ಸಿಸ್ಟರ್‌ಗೆ ಆದದ್ದನ್ನು ಓದಿದ ಮೇಲೆ, ನಮ್ಮ ಮನೆಗೆ ಆದದ್ದನ್ನು ಎಲ್ಲರಿಗೂ ಆಗಲೇಬೇಕಾದ ನಿಯಮ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಎರಡನೇ ಕೊರಿಂಥ 9:8 ಮತ್ತು 11 ಮತ್ತೆ ಓದಿದೆ. ದೇವರು ಹೆಚ್ಚಾಗಿ ಕೊಡುತ್ತಾನೆ, ಸರಿ. ಯಾಕೆ ಅನ್ನುವುದೂ ಅಲ್ಲೇ ಇದೆ. ಸಕಲ ಸತ್ಕಾರ್ಯಗಳನ್ನು ಮಾಡಲು, ಧಾರಾಳವಾಗಿ ಕೊಡಲು. ಅಂದರೆ ಕಿಟಕಿಯಿಂದ ಸುರಿದದ್ದು ನಮ್ಮ ಮನೆಯಲ್ಲಿ ನಿಲ್ಲಲಿ ಅಂತಲ್ಲ. ಲೂಕ 12ರ ಐಶ್ವರ್ಯವಂತನಿಗೂ ಬೆಳೆ ಚೆನ್ನಾಗಿಯೇ ಬಂದಿತ್ತು, ಅವನಿಗೆ ಹೊಳೆದದ್ದು ಕಣಜ ಕಿತ್ತು ದೊಡ್ಡದು ಕಟ್ಟುವುದೊಂದೇ.

ಎಮ್ಮಾವುಸ್ ದಾರಿ:

ಬ್ರದರ್, ಅದೇ ಸಾಮ್ಯದ ಮೇಲೆ ಕೈಸರೈಯದ ಬೆಸಿಲ್ ಮಾಡಿದ ಪ್ರಸಂಗ ಇದೆ. 368-369ರ ಸುಮಾರಿಗೆ ಕಪ್ಪದೋಕ್ಯದಲ್ಲಿ ಭೀಕರ ಬರ ಬಂದಿತ್ತು, ಹಗೇವಿನಲ್ಲಿ ಧಾನ್ಯ ಇದ್ದವರು ಬೆಲೆ ಏರಲಿ ಅಂತ ಕಾಯುತ್ತಿದ್ದರು. ನೀನು ಇಟ್ಟುಕೊಂಡ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿರುವ ಬಟ್ಟೆ ಬೆತ್ತಲೆ ಇರುವವನದು ಅನ್ನುವ ಅರ್ಥದಲ್ಲಿ ಅವರು ಮಾತಾಡಿದರು. ಮಾತಿಗೇ ನಿಲ್ಲಲಿಲ್ಲ. ಬಿಷಪ್ ಆದ ಮೇಲೆ ಊರ ಹೊರಗೆ ಬಡವರಿಗೆ, ಕುಷ್ಠರೋಗಿಗಳಿಗೆ, ದಾರಿಹೋಕರಿಗೆ ಆಶ್ರಯ ಕಟ್ಟಿಸಿದರು.

ಪರಲೋಕದ ಕಿಟಕಿ:

ಧನ್ಯವಾದ ಬ್ರದರ್, ಓದುತ್ತೇನೆ.

ನನಗೆ ಹಿಡಿಸಿದ್ದು 18ನೇ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ತಮ್ಮ ಪ್ರಸಂಗವೊಂದರಲ್ಲಿ ಹೇಳಿದ ಲೆಕ್ಕ. ಆಕ್ಸ್‌ಫರ್ಡಿನ ಒಬ್ಬ ಯುವಕನದು ಅಂತ ಹೇಳುತ್ತಾರೆ, ಅದು ಅವರದೇ ಬದುಕು ಅಂತ ಓದುವವರು ಬಹಳ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಜೀವನ ಮಾಡಿ 2 ಕೊಟ್ಟ. ಮುಂದಿನ ವರ್ಷ 60 ಬಂತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟ. 90 ಬಂದಾಗ 62, 120 ಬಂದಾಗ 92. ಬರುವುದು ಏರಿತು, ಅವನ ಖರ್ಚು ಏರಲಿಲ್ಲ.

ನಮ್ಮ ಮನೆಯಲ್ಲಿ ಬರುವುದು ಏರಿದೆ. ಖರ್ಚೂ ಜೊತೆಜೊತೆಗೇ ಏರಿದೆ. ಈ ವಾರ ನಾವಿಬ್ಬರೂ ಕೂತು, ನಮ್ಮ 28 ಎಷ್ಟು ಅಂತ ಬರೆದಿಡಬೇಕು ಅಂತಿದ್ದೇವೆ. ಲೆಕ್ಕದ ಪುಸ್ತಕ ಬ್ರದರ್, ಅದರ ಮೇಲೆ ಉಳಿದದ್ದನ್ನು ಸಾಲದಲ್ಲಿ ಸಿಕ್ಕಿಬಿದ್ದ ಕುಟುಂಬಗಳಿಗೆ ಅವರ ಮರ್ಯಾದೆಗೆ ಕುಂದಾಗದ ಹಾಗೆ ಮುಟ್ಟಿಸುವುದು ಹೇಗೆ? ನಿಮ್ಮ ಸಭೆಯಲ್ಲಿ ಹೇಗೆ ಮಾಡುತ್ತೀರಿ?

ಲೆಕ್ಕದ ಪುಸ್ತಕ:

ಕೊಡುವವರ ಹೆಸರು ಖಜಾಂಚಿಯ ಆಚೆಗೆ ಹೋಗುವುದಿಲ್ಲ, ತೆಗೆದುಕೊಳ್ಳುವವರ ಹೆಸರು ಇಬ್ಬರು ಹಿರಿಯರ ಆಚೆಗೆ ಹೋಗುವುದಿಲ್ಲ. ಕಷ್ಟದಲ್ಲಿರುವವರು ಬಂದು ಕೇಳಲಿ ಅಂತ ಕಾಯುವುದಿಲ್ಲ, ಹಿರಿಯರೇ ಮನೆಗೆ ಹೋಗಿ ಕೂತು ಮಾತಾಡುತ್ತಾರೆ. ಸಾಲ ಇದ್ದರೆ ಬಡ್ಡಿ ಎಷ್ಟು, ಯಾರಿಗೆ ಮೊದಲು ತೀರಿಸಬೇಕು ಅಂತ ಅವರ ಜೊತೆಗೇ ಕೂತು ಬರೆಯುತ್ತೇವೆ, ಸಾಧ್ಯವಾದರೆ ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟುತ್ತೇವೆ. ವರ್ಷದ ಕೊನೆಗೆ ಒಟ್ಟು ಬಂದದ್ದು, ಒಟ್ಟು ಹೋದದ್ದು ಇಡೀ ಸಭೆಯ ಮುಂದೆ ಓದುತ್ತೇವೆ, ಒಂದು ಹೆಸರೂ ಇಲ್ಲದೆ. ಫೋಟೋ ತೆಗೆಯುವುದಿಲ್ಲ. ನಿಮ್ಮ ಸಭೆಯ ಹಿರಿಯರ ಜೊತೆ ಮೊದಲು ಮಾತಾಡಿ, ವಿವರ ಬೇಕಿದ್ದರೆ ಇಲ್ಲೇ ಕೇಳಿ.